ಗುಣಿಗೊಂದು ಹಿಡಿ ಗೊಬ್ಬರ, ಊರಿಗೊಂದು ಒಪ್ಪಂದ

ಪಶ್ಚಿಮ ಆಫ್ರಿಕದ ಬರದ ಹಳ್ಳಿಗಳು ಬರಡು ನೆಲವನ್ನು ತಾವೇ ಹಸಿರು ಮಾಡಿಕೊಂಡ ಬಗೆ

– ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ



ನಿಮ್ಮ ಹಸುವಿನ ಮುಂದೆ ಇವತ್ತು ಹಾಕಿರುವ ಹಸಿ ಮೇವನ್ನು ಒಮ್ಮೆ ನೋಡಿ. ಹೈಬ್ರಿಡ್ ನೇಪಿಯರ್ ಆಗಿದ್ದರೆ ಅದು ಆಫ್ರಿಕದ ನೇಪಿಯರ್ ಹುಲ್ಲನ್ನೂ ಸಜ್ಜೆಯನ್ನೂ ಕೂಡಿಸಿ ಮಾಡಿದ ತಳಿ. ಗಿನಿ ಹುಲ್ಲಾಗಿದ್ದರೆ ಅದರ ಮೂಲವೂ ಆಫ್ರಿಕವೇ. ಅಲಸಂದೆಯೂ ಅಲ್ಲಿಂದಲೇ ಬಂದದ್ದು. ಸಜ್ಜೆಯಂತೂ ಪಶ್ಚಿಮ ಆಫ್ರಿಕದ ಬಿಸಿಲು ನಾಡಿನ ಜನ 4,000 ವರ್ಷಕ್ಕೂ ಹಿಂದೆ ಕಾಡು ಹುಲ್ಲಿನಿಂದ ಪಳಗಿಸಿಕೊಂಡ ಧಾನ್ಯ. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದು ನೋಡಿದಾಗ 3,000 ವರ್ಷಕ್ಕೂ ಹಳೆಯ ಸಜ್ಜೆ ಕಾಳು ಸಿಕ್ಕಿದೆ. ನಮ್ಮ ಕಡೆಯಿಂದ ಅಲ್ಲಿಗೆ ಹೋದದ್ದೂ ಇದೆ. ನೈಜರ್ ದೇಶದ ಹೆಣ್ಣುಮಕ್ಕಳು ಇವತ್ತು ಬಹಳ ಇಷ್ಟಪಟ್ಟು ಬೇಯಿಸುವ ಸೊಪ್ಪು ನಮ್ಮ ನುಗ್ಗೆ ಸೊಪ್ಪು.

ಆದರೂ ಆ ನಾಡಿನ ಸುದ್ದಿ ನಮಗೆ ಬರುವುದು ಬರಗಾಲ ಬಿದ್ದಾಗ ಮಾತ್ರ. ಸತ್ತ ದನಗಳ ಮೂಳೆ, ಲಾರಿಯಿಂದ ಇಳಿಯುವ ಆಹಾರದ ಮೂಟೆ, ಇಷ್ಟನ್ನೇ ಟಿ.ವಿ.ಯಲ್ಲಿ ನೋಡಿರುತ್ತೇವೆ. ಲಾರಿ ಹೋದ ಮೇಲೆ ಆ ಹಳ್ಳಿಯವರು ಏನು ಮಾಡಿದರು? ಅದನ್ನು ಎರಡು ಜಾಗಗಳ ಮೂಲಕ ಹೇಳುತ್ತೇನೆ. ಒಂದು, ಬುರ್ಕಿನಾ ಫಾಸೊ ದೇಶದ ಉತ್ತರದ ಯಾಟೆಂಗಾ ಸೀಮೆ. ಇನ್ನೊಂದು, ಅದರ ಪಕ್ಕದ ನೈಜರ್ ದೇಶದ ಮರಾಡಿ ಸೀಮೆ. ಎರಡೂ ಕಡೆ ದನದ ಸಗಣಿಗೂ ಹೆಂಗಸರ ದುಡಿಮೆಗೂ ದೊಡ್ಡ ಪಾತ್ರವಿದೆ.

ಎಂಟು ತಿಂಗಳ ಬೇಸಿಗೆ

ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹಾಸಿಕೊಂಡಿರುವ ಒಣ ಸೀಮೆಗೆ ಸಹೇಲ್ ಎಂದು ಹೆಸರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದಿಷ್ಟು ಮಳೆ. ಉಳಿದ ಎಂಟು ತಿಂಗಳು ಹನಿ ನೀರು ಬೀಳುವುದಿಲ್ಲ. ಬೆಳೆಯುವುದು ಜೋಳ, ಸಜ್ಜೆ, ಅಲಸಂದೆ. ಸಾಕುವುದು ದನ, ಕುರಿ, ಆಡು.

1968ರಿಂದ 1973ರವರೆಗೆ ಅಲ್ಲಿ ಸತತ ಬರ ಬಿತ್ತು. ದನಕರು ಲೆಕ್ಕವಿಲ್ಲದಷ್ಟು ಸತ್ತವು. ಯಾಟೆಂಗಾದಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿ ಹೊಲಗಳು ಕಣದ ಹಾಗೆ ಗಟ್ಟಿಯಾದವು. ಮಳೆ ಬಂದರೂ ನೀರು ಒಳಗಿಳಿಯದೆ ಹರಿದುಹೋಗುತ್ತಿತ್ತು. ಗಂಡಸರು ದಕ್ಷಿಣದ ಐವರಿ ಕೋಸ್ಟ್ ದೇಶದ ಕಾಫಿ, ಕೋಕೋ ತೋಟಗಳಿಗೆ ಕೂಲಿಗೆ ಹೋದರು. ಊರಲ್ಲಿ ಉಳಿದ ಹೆಂಗಸರಿಗೆ ಮಕ್ಕಳು, ಮುದುಕರು, ಬದುಕಿದ್ದ ನಾಲ್ಕು ಆಡುಗಳು, ಮೈಲಿಗಟ್ಟಲೆ ದೂರದ ನೀರು, ಸೌದೆ, ಎಲ್ಲದರ ಹೊಣೆಯೂ ಬಿತ್ತು.

ಹಳೆಯ ಪದ್ಧತಿಯಿಂದ ಹೊಸ ಸಂಘ

ಆ ಸೀಮೆಯಲ್ಲಿ ಬರ್ನಾರ್ಡ್ ಲೆಡಿಯಾ ವೆಡ್ರಾಗೊ ಎಂಬ ಮೇಷ್ಟ್ರು ಇದ್ದರು. ಹೊರಗಿನವರು ಬಂದು ಕಟ್ಟಿಸಿದ ರೈತ ಗುಂಪುಗಳು ಅವರು ಹೊರಟ ಕೂಡಲೇ ಬಿದ್ದುಹೋಗುವುದನ್ನು ಅವರು ಕಂಡಿದ್ದರು. ಹಾಗಾದರೆ ಊರಿನಲ್ಲಿ ಮೊದಲಿನಿಂದ ಬಿದ್ದುಹೋಗದೆ ನಿಂತಿರುವ ಗುಂಪು ಯಾವುದು ಎಂದು ಹುಡುಕಿದರು. ಅಲ್ಲಿನ ಮೊಸ್ಸಿ ಜನರಲ್ಲಿ ಕೊಂಬಿ-ನಾಮ್ ಎಂಬ ಹಳೆಯ ಪದ್ಧತಿ ಇತ್ತು. ಮಳೆಗಾಲ ಬಂದರೆ ಊರಿನ ಹುಡುಗ ಹುಡುಗಿಯರು ಒಂದು ಗುಂಪಾಗಿ ಒಬ್ಬೊಬ್ಬರ ಹೊಲಕ್ಕೂ ಹೋಗಿ ಕೆಲಸ ಮಾಡಿಕೊಡುತ್ತಿದ್ದರು. ನಮ್ಮ ಕಡೆಯ ಮುಯ್ಯಾಳು ಇದ್ದ ಹಾಗೆ. ಆ ಗುಂಪಿನಲ್ಲಿ ಗೌಡರ ಮಗ, ಕೂಲಿಯವನ ಮಗ ಎಂಬ ಭೇದವಿಲ್ಲ. ಮುಖಂಡರನ್ನು ಗುಂಪೇ ಆರಿಸುತ್ತಿತ್ತು. ಸುಗ್ಗಿಯ ನಂತರ ಕೂಡಿ ಉಂಡು ಚದುರುತ್ತಿದ್ದರು.

1967ರಲ್ಲಿ ವೆಡ್ರಾಗೊ ಅವರು ಈ ಗುಂಪನ್ನೇ ವರ್ಷಪೂರ್ತಿ ನಡೆಯುವ ಸಂಘವಾಗಿ ಬೆಳೆಸಲು ಹೊರಟರು. ಹೆಸರೂ ಹಳೆಯದೇ, ನಾಮ್. ಊರಿಗೆ ಏನು ಬೇಕೆಂದು ಊರೇ ಹೇಳಬೇಕು, ಇರುವುದನ್ನು ಕೆಡಿಸದೆ ಬೆಳೆಯಬೇಕು ಎಂಬುದು ಅವರ ನಂಬಿಕೆ. ಸುಮ್ಮನೆ ಕಳೆದುಹೋಗುವ ಬೇಸಿಗೆಯ ಎಂಟು ತಿಂಗಳನ್ನು ದುಡಿಮೆಗೆ ಹಚ್ಚುವುದೇ ಮುಖ್ಯ ಉಪಾಯ. ಬಾವಿ ತೋಡಿದರು, ಸಣ್ಣ ಒಡ್ಡು ಕಟ್ಟಿದರು, ತರಕಾರಿ ಬೆಳೆದರು, ಹಿಟ್ಟಿನ ಗಿರಣಿ ಹಾಕಿದರು. ಸುಗ್ಗಿಯಲ್ಲಿ ಧಾನ್ಯ ಕೂಡಿಟ್ಟು ಕಷ್ಟದ ತಿಂಗಳುಗಳಲ್ಲಿ ಸರಿಯಾದ ಬೆಲೆಗೆ ಕೊಡುವ ಧಾನ್ಯ ಬ್ಯಾಂಕ್ ನಡೆಸಿದರು. ನಾಮ್ ಗುಂಪುಗಳು ಊರಿಂದೂರಿಗೆ ಹಬ್ಬಿದವು. ಹೆಂಗಸರದ್ದೇ ಆದ ಗುಂಪುಗಳೂ ಎದ್ದವು. 1990ರಲ್ಲಿ ಈ ಕೆಲಸಕ್ಕೆ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ನೀರಿನ ಪೈಪು, ಕಲ್ಲಿನ ಸಾಲು

1979ರಲ್ಲಿ ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆ ಯಾಟೆಂಗಾದಲ್ಲಿ ಮರ ಬೆಳೆಸುವ ಯೋಜನೆ ಶುರು ಮಾಡಿತು. ರೈತರು ಮಾತ್ರ, ಮೊದಲು ಹೊಟ್ಟೆಗೆ ಕಾಳು ಬೇಕು, ಮರ ಆಮೇಲೆ ಎಂದರು. ಸಂಸ್ಥೆಯವರು ಆ ಮಾತು ಕೇಳಿ ಯೋಜನೆಯನ್ನೇ ತಿರುಗಿಸಿದರು. ಹೊಲಕ್ಕೆ ಅಡ್ಡಲಾಗಿ ಕಲ್ಲಿನ ಸಾಲು ಜೋಡಿಸಿ ಹರಿಯುವ ನೀರನ್ನು ತಡೆಯುವುದು ಅಲ್ಲಿನವರಿಗೆ ಗೊತ್ತಿದ್ದ ಕೆಲಸವೇ. ತೊಡಕು ಏನೆಂದರೆ, ಇಳಿಜಾರು ಬಹಳ ಕಡಿಮೆ ಇದ್ದುದರಿಂದ ಸಮಪಾತಳಿ ಯಾವುದೆಂದು ಕಣ್ಣಳತೆಗೆ ಸಿಗುತ್ತಿರಲಿಲ್ಲ. ಸಾಲು ಸ್ವಲ್ಪ ಓರೆಯಾದರೆ ನೀರು ಒಂದೇ ಕಡೆ ನುಗ್ಗಿ ಕೊರಕಲು ಬೀಳುತ್ತಿತ್ತು.

ಅದಕ್ಕೆ ಸಿಕ್ಕ ಸಾಧನ ಒಂದು ಪಾರದರ್ಶಕ ಪೈಪು, ಎರಡು ಕೋಲು. ಪೈಪಿಗೆ ನೀರು ತುಂಬಿ ಎರಡು ತುದಿಯನ್ನೂ ಕೋಲಿಗೆ ಕಟ್ಟಿ ದೂರದೂರ ನಿಲ್ಲಿಸಿದರೆ ನೀರಿನ ಮಟ್ಟವೇ ಸಮಪಾತಳಿ ತೋರಿಸುತ್ತದೆ. ನಮ್ಮ ಗಾರೆ ಕೆಲಸದವರು ಮನೆ ಕಟ್ಟುವಾಗ ಮಟ್ಟ ಹಿಡಿಯುವ ಅದೇ ಪೈಪು. ಓದು ಬಾರದವರೂ ಒಂದೆರಡು ದಿನದಲ್ಲಿ ಕಲಿತರು. ಈ ಕೆಲಸ ಊರಿಂದೂರಿಗೆ ಹರಡಲು ನಾಮ್ ಗುಂಪುಗಳೂ ಕೈ ಜೋಡಿಸಿದವು.

ಸಗಣಿಗೆ ಬಂದ ಬೆಲೆ

ಅದೇ ಹೊತ್ತಿಗೆ ಗುರ್ಗಾ ಎಂಬ ಹಳ್ಳಿಯಲ್ಲಿ ಯಾಕುಬಾ ಸವಡೊಗೊ ಎಂಬ ರೈತ, ಸಂತೆಯ ವ್ಯಾಪಾರ ಬಿಟ್ಟು ಹೊಲಕ್ಕೆ ಮರಳಿದರು. ಯಾಟೆಂಗಾದಲ್ಲಿ ಗಟ್ಟಿ ನೆಲಕ್ಕೆ ಚಿಕ್ಕ ಗುಣಿ ತೋಡಿ ಬಿತ್ತುವ ಹಳೆಯ ಪದ್ಧತಿ ಇತ್ತು, ಅದಕ್ಕೆ ಝಾಯಿ ಎಂದು ಹೆಸರು. ಅವರು ಗುಣಿಯನ್ನು ದೊಡ್ಡದು ಮಾಡಿದರು. ಸುಮಾರು ಒಂದು ಗೇಣು ಅಗಲ, ಅರ್ಧ ಗೇಣಿಗೂ ಮಿಕ್ಕಿದ ಆಳ. ಮಳೆಗೆ ಕಾಯದೆ ಬೇಸಿಗೆಯಲ್ಲೇ ತೋಡಿದರು. ಪ್ರತಿ ಗುಣಿಗೆ ಒಂದೆರಡು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿದರು.

ಮುಂದಿನ ಕೆಲಸ ಗೆದ್ದಲು ಮಾಡಿತು. ಗೊಬ್ಬರದ ವಾಸನೆಗೆ ಗೆದ್ದಲು ಬಂದು ಗಟ್ಟಿ ನೆಲದಲ್ಲಿ ಸಣ್ಣ ಸಣ್ಣ ಸುರಂಗ ಕೊರೆಯುತ್ತದೆ. ಮಳೆ ಬಿದ್ದಾಗ ನೀರು ಆ ದಾರಿಯಲ್ಲಿ ಒಳಗಿಳಿಯುತ್ತದೆ. ನೀರೂ ಗೊಬ್ಬರವೂ ಬೇರಿನ ಬುಡದಲ್ಲೇ ಸಿಗುವುದರಿಂದ ನಡುವೆ ಎರಡು ವಾರ ಮಳೆ ಕೈಕೊಟ್ಟರೂ ಪೈರು ತಡೆದುಕೊಳ್ಳುತ್ತದೆ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಇನ್ನೊಂದು ಲಾಭವೂ ಆಯಿತು. ದನ, ಆಡುಗಳ ಹಿಕ್ಕೆ ಸಗಣಿಯಲ್ಲಿ ಇದ್ದ ಕಾಡುಮರದ ಬೀಜಗಳು ಗುಣಿಯಲ್ಲೇ ಮೊಳೆತವು. ಸವಡೊಗೊ ಅವನ್ನು ಕೀಳದೆ ಕಾಪಾಡಿದರು. ಬರಡು ನೆಲದಲ್ಲಿ ಹತ್ತಾರು ಎಕರೆ ಕಾಡೇ ಎದ್ದಿತು.

ಊರವರು ಮೊದಲು ಅವರನ್ನು ಹುಚ್ಚ ಎಂದಿದ್ದರು. ಅವರ ಕಾಡಿಗೆ ಬೆಂಕಿಯನ್ನೂ ಇಟ್ಟಿದ್ದರು. 1984ರಿಂದ ಅವರು ತಮ್ಮ ಹೊಲದಲ್ಲೇ ವರ್ಷಕ್ಕೆರಡು ಸಲ ಸಂತೆ ಕೂಡಿಸಿದರು. ನೂರಾರು ಹಳ್ಳಿಗಳ ರೈತರು ಬೀಜ ತಂದರು, ಬೀಜ ಒಯ್ದರು, ಗುಣಿ ತೋಡುವುದನ್ನು ನೋಡಿ ಕಲಿತರು. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದ ಅವರು 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಇದು ಸಲೀಸಾದ ಕೆಲಸವಲ್ಲ. ಒಂದು ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ, 10,000ಕ್ಕೂ ಹೆಚ್ಚು ಗುಣಿ ಬೇಕು. ಒಬ್ಬರಿಂದ ಆಗದ ಕೆಲಸವಾದ್ದರಿಂದಲೇ ಗುಂಪು ಬೇಕಾಯಿತು. ಗೊಬ್ಬರವೂ ಬೇಕಾಯಿತು. ಮೊದಲು ಬಯಲಲ್ಲಿ ಒಣಗಿಹೋಗುತ್ತಿದ್ದ ಸಗಣಿಗೆ ಬೆಲೆ ಬಂತು. ಸುಗ್ಗಿ ಆದ ಮೇಲೆ ದನಗಾಹಿ ಫುಲಾನಿ ಜನರ ಮಂದೆಯನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಂಡು ಬದಲಿಗೆ ಕಾಳು ಕೊಡುವ ಪದ್ಧತಿ ಅಲ್ಲಿದೆ. ನಮ್ಮಲ್ಲಿ ಕುರಿ ಮಂದೆ ನಿಲ್ಲಿಸುವಂತೆಯೇ. ಗುಣಿ ಬೇಸಾಯ ಹಬ್ಬಿದಂತೆ ಆ ಮಂದೆಗೆ ಬೇಡಿಕೆಯೂ ಹೆಚ್ಚಿತು.

ನೆಲದೊಳಗಿನ ಕಾಡು

ಈಗ ನೈಜರ್‌ನ ಮರಾಡಿಗೆ ಬರೋಣ. 1980ರ ದಶಕದ ಆರಂಭದಲ್ಲಿ ಅಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯದ ಕೃಷಿ ತಜ್ಞರು ಸಸಿ ನೆಡಿಸುವ ಕೆಲಸದಲ್ಲಿದ್ದರು. ನೆಟ್ಟವುಗಳಲ್ಲಿ ಬಹುಪಾಲು ಒಣಗಿಹೋಗುತ್ತಿದ್ದವು. 1983ರಲ್ಲಿ ಒಂದು ದಿನ ಮರಳಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಟೈರಿನ ಗಾಳಿ ಇಳಿಸುವಾಗ ಪಕ್ಕದ ಕುರುಚಲು ಪೊದೆ ಅವರ ಕಣ್ಣಿಗೆ ಬಿತ್ತು. ಅದು ಪೊದೆಯಾಗಿರಲಿಲ್ಲ, ಕಡಿದ ಮರದ ಬೊಡ್ಡೆ ಚಿಗುರಿದ್ದು. ಹೊಲಗಳ ತುಂಬ ಅಂಥ ಬೊಡ್ಡೆಗಳಿದ್ದವು. ರೈತರು ಪ್ರತಿ ವರ್ಷ ಬಿತ್ತನೆಗೆ ಮೊದಲು ಆ ಚಿಗುರನ್ನು ಸವರಿ ಸುಡುತ್ತಿದ್ದರು. ಹೊಸ ಸಸಿ ಬೇಕಿಲ್ಲ, ನಾಲ್ಕಾರು ಗಟ್ಟಿ ಚಿಗುರು ಬಿಟ್ಟು ಉಳಿದದ್ದನ್ನು ಸವರಿದರೆ ಸಾಕು, ಆಳದ ಬೇರು ಮರವನ್ನು ಬೇಗ ಎಬ್ಬಿಸುತ್ತದೆ.

ಆದರೆ ಒಬ್ಬಳು ಬಿಟ್ಟ ಚಿಗುರನ್ನು ಪಕ್ಕದವನು ಸೌದೆಗೆ ಕಡಿದರೆ? ಆಡು ತಿಂದರೆ? ಅಲ್ಲದೆ ಹಳೆಯ ಕಾನೂನಿನಂತೆ ಹೊಲದಲ್ಲಿ ಬೆಳೆದ ಮರವೂ ಸರ್ಕಾರದ್ದು, ಕೊಂಬೆ ಕಡಿದರೂ ದಂಡ. ತನ್ನದಲ್ಲದ ಮರವನ್ನು ಯಾರು ಸಾಕುತ್ತಾರೆ? ಉತ್ತರ ಬಂದದ್ದು ಊರಿನ ಸಭೆಗಳಲ್ಲಿ. ಹೊಲದವರದ್ದೇ ಮರ ಎಂದು ಊರು ಒಪ್ಪಿತು. ಕದ್ದು ಕಡಿದವರಿಗೆ ಊರೇ ದಂಡ ಹಾಕಿತು. ಆ ಸೀಮೆಯ ಅರಣ್ಯ ಅಧಿಕಾರಿಗಳೂ ರೈತರನ್ನು ಹಿಡಿದು ದಂಡ ಹಾಕುವುದನ್ನು ಸಡಿಲಿಸಿದರು. 2004ರಲ್ಲಿ ಅರಣ್ಯ ಕಾನೂನೂ ಬದಲಾಯಿತು. ಎರಡು ದಶಕದಲ್ಲಿ ದಕ್ಷಿಣ ನೈಜರ್‌ನ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರ ಮರಳಿತು ಎಂದು ಉಪಗ್ರಹ ಚಿತ್ರಗಳನ್ನು ನೋಡಿದ ತಜ್ಞರು ಅಂದಾಜು ಮಾಡಿದ್ದಾರೆ. ಇದರಲ್ಲಿ ದೊಡ್ಡ ಪಾಲು ಒಬ್ಬ ರೈತ ಇನ್ನೊಬ್ಬ ರೈತನಿಂದ ನೋಡಿ ಕಲಿತದ್ದು.

ಆ ಮರಗಳಲ್ಲಿ ಒಂದರ ಹೆಸರು ಗಾವೊ. ಅದು ಜಾಲಿಯ ಬಳಗದ ಮರ, ಸ್ವಭಾವ ಮಾತ್ರ ತಿರುಗುಮುರುಗು. ಮಳೆಗಾಲದಲ್ಲಿ ಎಲೆ ಉದುರಿಸಿ ಸಜ್ಜೆಗೆ ಬಿಸಿಲು ಬಿಡುತ್ತದೆ. ಬೇಸಿಗೆಯಲ್ಲಿ ಎಲ್ಲ ಒಣಗಿ ನಿಂತಾಗ ಹಸಿರಾಗುತ್ತದೆ. ಅದರ ಕಾಯಿ ದನ, ಆಡುಗಳಿಗೆ ಒಳ್ಳೆಯ ಪೌಷ್ಟಿಕ ಮೇವು. ಹೆಂಗಸರು ಆರಿಸಿ ಸಂತೆಯಲ್ಲಿ ಮಾರುತ್ತಾರೆ.

ಕಲ್ಲು ಹೊತ್ತವರು ಯಾರು, ಕಾಳು ಯಾರಿಗೆ?

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಅರ್ಧವೇ ಆಗುತ್ತದೆ. ಯಾಟೆಂಗಾದ ಕಲ್ಲಿನ ಸಾಲುಗಳಿಗೆ ತಲೆ ಮೇಲೆ ಕಲ್ಲು ಹೊತ್ತವರಲ್ಲಿ ಹೆಂಗಸರು ಬಹಳ. ಕಲ್ಲು ಬಿದ್ದ ಹೊಲ ಮಾತ್ರ ಹೆಚ್ಚಾಗಿ ಮನೆಯ ಯಜಮಾನನ ಕೈಯಲ್ಲಿತ್ತು. ಊರು ಮುಂದೆ ಬಂತು ಎಂದಾಗ ಊರಿನಲ್ಲಿ ಯಾರು ಎಂದು ಕೇಳುವುದು ಅಲ್ಲಿಯೂ ಬೇಕಿತ್ತು.

ಆ ಪ್ರಶ್ನೆ ಕೇಳಿದ ಕಡೆ ಏನಾಯಿತು ಎಂಬುದಕ್ಕೆ ನೈಜರ್‌ನಲ್ಲಿ ಉದಾಹರಣೆಗಳಿವೆ. ಜಿಂಡರ್ ಸೀಮೆಯಲ್ಲಿ ಹೊಲದಲ್ಲೇ ಮರ ಬಂದ ಮೇಲೆ ಸೌದೆಗೆ ದಿನಕ್ಕೆ ಎರಡೂವರೆ ಗಂಟೆ ಅಲೆಯುತ್ತಿದ್ದ ಹೆಂಗಸರಿಗೆ ಅರ್ಧ ಗಂಟೆ ಸಾಕಾಯಿತು. ಉಳಿದ ಹೊತ್ತಿನಲ್ಲಿ ಮನೆಯ ಹತ್ತಿರ ಕಟ್ಟಿ ಮೇಯಿಸುವ ಕುರಿ, ಆಡು ಹೆಚ್ಚಿದವು. ಅಲಸಂದೆ ಹೊಟ್ಟು, ಸಜ್ಜೆ ತೌಡು ಹಾಕಿ ಕೊಬ್ಬಿಸಿದ ಟಗರನ್ನು ಬಕ್ರೀದ್ ಹಬ್ಬದ ಹೊತ್ತಿಗೆ ಮಾರಿದರೆ ಒಳ್ಳೆಯ ಬೆಲೆ.

1991ರಲ್ಲಿ ಮರಾಡಿಯಲ್ಲೇ ಕೇರ್ ಸಂಸ್ಥೆಯ ಜೊತೆಗೂಡಿ ಹೆಂಗಸರ ಉಳಿತಾಯ ಗುಂಪುಗಳು ಶುರುವಾದವು. ಹೌಸಾ ಭಾಷೆಯಲ್ಲಿ ಹೆಸರು ಮಾತಾ ಮಾಸು ದುಬಾರಾ. ಉಪಾಯ ಬಲ್ಲ ಹೆಂಗಸರು ಎಂದು ಅರ್ಥ. ವಾರಕ್ಕೊಮ್ಮೆ ಸೇರಿ ಒಂದಿಷ್ಟು ಹಾಕುವುದು, ಬೇಕಾದವರು ಬಡ್ಡಿಗೆ ಪಡೆಯುವುದು, ಅವಧಿ ಮುಗಿದಾಗ ಬಡ್ಡಿ ಸಮೇತ ಹಂಚಿಕೊಳ್ಳುವುದು. ಹೊರಗಿನ ಬಂಡವಾಳ ಇಲ್ಲ. ಓದು ಬಾರದವರೇ ಹೆಚ್ಚಿದ್ದುದರಿಂದ ಮೊದಲು ಲೆಕ್ಕವನ್ನು ಎಲ್ಲರೂ ಬಾಯಲ್ಲೇ ನೆನಪಿಟ್ಟುಕೊಂಡು ಒಪ್ಪಿಸುತ್ತಿದ್ದರು. ಮರಾಡಿಯ ಈ ಮಾದರಿ ಆಮೇಲೆ ಆಫ್ರಿಕದ ಹಲವಾರು ದೇಶಗಳಿಗೆ ಹೋಯಿತು.

ಫುಲಾನಿ ಜನರಲ್ಲಿ ಹಬ್ಬನಾಯೆ ಎಂಬ ಪದ್ಧತಿಯಿದೆ. ‘ಕಟ್ಟು’ ಎಂಬ ಅರ್ಥದ ಅವರ ಮಾತಿನಿಂದ ಬಂದ ಹೆಸರು. ಬರದಲ್ಲಿ ದನ ಕಳೆದುಕೊಂಡವರಿಗೆ ನಂಟರೋ ಗೆಳೆಯರೋ ಒಂದು ಕಡಸನ್ನು ಕೊಡುತ್ತಾರೆ. ಅದರ ಹಾಲು ಸಾಕಿದವರಿಗೆ. ಹುಟ್ಟಿದ ಎರಡು ಮೂರು ಕರು ಅವರಿಗೇ. ತಾಯಿ ಹಸುವನ್ನು ಮಾತ್ರ ಹಿಂದಿರುಗಿಸಬೇಕು. ಇದನ್ನೇ ಅನುಸರಿಸಿ ಈಚಿನ ವರ್ಷಗಳಲ್ಲಿ ಬಡ ಹೆಂಗಸರಿಗೆ ಆಡು ಕೊಡುವ ಕೆಲಸ ನಡೆದಿದೆ. ಮರಿಗಳು ಬೆಳೆದ ಮೇಲೆ ತಾಯಿ ಆಡು ಇನ್ನೊಬ್ಬಳ ಮನೆಗೆ ಹೋಗುತ್ತದೆ. ನಮ್ಮಲ್ಲಿ ಪಾಲಿಗೆ ಸಾಕುವುದು ಗೊತ್ತೇ ಇದೆ. ಆದರೆ ಇಲ್ಲಿ ಸಾಲ ಎಂಬ ಭಾರವಿಲ್ಲ.

ಭೂಮಿಯ ವಿಷಯದಲ್ಲೂ ಒಂದು ದಾರಿ ಸಿಕ್ಕಿತು. ಒಳ್ಳೆಯ ಹೊಲ ಹೆಂಗಸರ ಹೆಸರಿಗೆ ಬರುವುದು ಅಲ್ಲಿ ಕಷ್ಟ. ಹೈದರಾಬಾದ್ ಬಳಿ ಮುಖ್ಯ ಕೇಂದ್ರವಿರುವ ಇಕ್ರಿಸ್ಯಾಟ್ ಸಂಸ್ಥೆಯ ನೈಜರ್ ಘಟಕದವರು, ಯಾರಿಗೂ ಬೇಡವಾದ ಬರಡು ನೆಲವನ್ನು ಹೆಂಗಸರ ಗುಂಪಿಗೆ ಕೊಡುವಂತೆ ಊರಿನ ಹಿರಿಯರನ್ನು ಒಪ್ಪಿಸಿದರು. ಹೆಂಗಸರು ಗುಣಿ ತೋಡಿ, ಗೊಬ್ಬರ ಹಾಕಿ, ಬೆಂಡೆ, ನುಗ್ಗೆ, ಕಸಿ ಬೋರೆ ಬೆಳೆದರು. ಅವರಿಗೆ ಕೊಟ್ಟ ನುಗ್ಗೆ ತಮಿಳುನಾಡಿನ ಪೆರಿಯಕುಳಂನ ಪಿ.ಕೆ.ಎಂ.-1 ತಳಿ, ನಮ್ಮ ರೈತರು ಬೆಳೆಯುವುದೇ.

ಹಾಲು ಯಾರದು?

ಫುಲಾನಿ ಮನೆಗಳಲ್ಲಿ ದನ ಗಂಡಸಿನದಾಗಿರಬಹುದು, ಹಾಲಿನ ಮೇಲಿನ ಹಕ್ಕು ಹೆಂಗಸಿನದು. ಮನೆಗೆಷ್ಟು, ಮಾರಲು ಎಷ್ಟು ಎಂದು ತೀರ್ಮಾನಿಸುವವಳು ಅವಳು. ಬೆಳಗ್ಗೆ ಸೋರೆಬುರುಡೆಯಲ್ಲಿ ಹಾಲು, ಮೊಸರು ತುಂಬಿ ತಲೆ ಮೇಲೆ ಹೊತ್ತು ಸಂತೆಗೆ ಹೋಗುತ್ತಾಳೆ. ದುಡ್ಡಿಗೂ ಕೊಡುತ್ತಾಳೆ, ಸಜ್ಜೆಗೂ ಅದಲುಬದಲು ಮಾಡುತ್ತಾಳೆ. ಈಗ ಆ ದೇಶಗಳಲ್ಲೂ ಸಣ್ಣ ಡೇರಿಗಳು ಬಂದಿವೆ. ಹೊರದೇಶದ ಅಗ್ಗದ ಹಾಲಿನ ಪುಡಿಯ ಎದುರು ಅವು ನಿಲ್ಲಬೇಕಾಗಿದೆ. ಡೇರಿ ಬಂದರೆ ಹಾಲಿಗೆ ಖಾತ್ರಿ ಬೆಲೆ ಸಿಗುತ್ತದೆ. ಆದರೆ ತಿಂಗಳಿಗೊಮ್ಮೆ ಒಟ್ಟಿಗೆ ಬರುವ ಹಣ ಯಜಮಾನನ ಹೆಸರಿಗೆ ಹೋದರೆ, ಹೆಂಗಸಿನ ಕೈಯಲ್ಲಿದ್ದ ಸಂತೆಯ ಕಾಸು ಸದ್ದಿಲ್ಲದೆ ಜಾರಿಹೋಗುತ್ತದೆ. ಹಾಲು ಕರೆಯುವವಳು, ಮೇವು ಹಾಕುವವಳು, ಸಗಣಿ ಬಾಚುವವಳು ಒಬ್ಬಳೇ ಆಗಿ, ಬಟವಾಡೆ ಇನ್ನೊಬ್ಬರದ್ದಾಗುವ ಮನೆಗಳು ನಮ್ಮ ಊರುಗಳಲ್ಲೂ ಇವೆ.

ಎಲ್ಲವೂ ಸರಿಹೋಗಿಲ್ಲ

ಬರಡು ನೆಲ ಹೊಲವಾದಾಗ ಅಲ್ಲಿ ದನ ಮೇಯಿಸುತ್ತಿದ್ದವರಿಗೆ ಮೇವಿನ ದಾರಿ ಇಕ್ಕಟ್ಟಾಯಿತು. ರೈತರಿಗೂ ದನಗಾಹಿಗಳಿಗೂ ಅನೇಕ ಕಡೆ ಜಗಳಗಳಾಗಿವೆ. ಮರ ಕಾಯುವ ಸಮಿತಿಯಲ್ಲಿ ದನಗಾಹಿಗಳನ್ನೂ ಹೆಂಗಸರನ್ನೂ ಸೇರಿಸಿಕೊಂಡ ಊರುಗಳಲ್ಲಿ ಮಂದೆಯ ದಾರಿ, ಕಾಯಿ ಆರಿಸುವ ಕಾಲ, ದಂಡದ ಮೊತ್ತ, ಎಲ್ಲವನ್ನೂ ಮೊದಲೇ ಮಾತಾಡಿಕೊಳ್ಳಲು ಒಂದು ಜಾಗವಾಯಿತು. 2015ರಿಂದ ಈಚೆಗೆ ಬುರ್ಕಿನಾ ಫಾಸೊದ ಉತ್ತರದಲ್ಲಿ ಸಶಸ್ತ್ರ ಗುಂಪುಗಳ ಹಿಂಸೆ ಹೆಚ್ಚಿ, ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದಾರೆ. ಗುಣಿ ತೋಡಿದ ಎಷ್ಟೋ ಹೊಲಗಳಿಗೆ ಇವತ್ತು ಯಜಮಾನರು ಹೋಗಲಾಗುತ್ತಿಲ್ಲ. ಊರಿನ ಒಪ್ಪಂದ ಬಂದೂಕನ್ನು ತಡೆಯಲಾರದು. ನೆಮ್ಮದಿ ಇರುವ ಕಡೆ ಮಾತ್ರ ಆ ಒಪ್ಪಂದ ಇವತ್ತಿಗೂ ನೆಲ ಕಾಯುತ್ತಿದೆ.

ಮುಂದಿನ ಸಭೆಗೆ ಮೂರು ವಿಷಯ

ಗುಣಿಯಾಗಲಿ, ಕಲ್ಲಿನ ಸಾಲಾಗಲಿ, ಬೊಡ್ಡೆಯ ಚಿಗುರಾಗಲಿ ಹೊಸ ಕಂಡುಹಿಡಿತವಲ್ಲ. ಇದ್ದದ್ದನ್ನೇ ಊರು ಕೂತು ಮಾತಾಡಿ, ನಿಯಮ ಮಾಡಿ, ಆ ನಿಯಮ ಕಾಯ್ದದ್ದರಿಂದ ಅವು ಕೆಲಸಕ್ಕೆ ಬಂದವು. ನಮ್ಮ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಕೂತು ಮಾತಾಡುವ ಆ ಕಟ್ಟೆ ಈಗಾಗಲೇ ಇದೆ. ನಿಮ್ಮ ಮುಂದಿನ ಸಭೆಯಲ್ಲಿ ಈ ಮೂರನ್ನು ಎತ್ತಿ ನೋಡಿ.

ಒಂದು, ಹಾಲು ಹಾಕುವವಳ ಹೆಸರೂ, ಬಟವಾಡೆ ಹೋಗುವ ಬ್ಯಾಂಕ್ ಖಾತೆಯ ಹೆಸರೂ ಒಂದೇ ಇದೆಯೇ? ಕಾರ್ಯದರ್ಶಿಯವರ ಜೊತೆ ಕೂತು ಪಟ್ಟಿ ನೋಡಿ.

ಎರಡು, ಊರಿನ ಗೋಮಾಳ, ಕೆರೆ ಅಂಗಳ, ಹೊಲದ ಬದುಗಳಲ್ಲಿ ಮೇವಿನ ಮರ ಬೆಳೆಸುವ ಮಾತು ಬಂದರೆ ಕುರಿ, ಆಡು ಮೇಯಿಸುವವರನ್ನೂ ಕರೆಯಿರಿ. ಅವರನ್ನು ಬಿಟ್ಟು ಮಾಡಿದ ಬೇಲಿ ಬಹಳ ದಿನ ನಿಲ್ಲುವುದಿಲ್ಲ. ಮೊದಲು ಇರುವ ಬೊಡ್ಡೆಗಳ ಚಿಗುರು ಉಳಿಸಿ, ಆಮೇಲೆ ಸಸಿ ತನ್ನಿ.

ಮೂರು, ಸಗಣಿಯನ್ನು ಬಿಸಿಲಲ್ಲಿ ಒಣಗಲು ಬಿಡಬೇಡಿ. ತಿಪ್ಪೆಗೆ ನೆರಳು ಮಾಡಿ, ಕಸಕಡ್ಡಿ, ಗಂಜಲ ಸೇರಿಸಿ, ತೇವ ಆರದಂತೆ ಮುಚ್ಚಿಡಿ. ಮೂರ್ನಾಲ್ಕು ತಿಂಗಳಲ್ಲಿ ಕಳಿತ ಗೊಬ್ಬರ ಸಿಗುತ್ತದೆ. ಅರೆಬೆಂದ ಸಗಣಿ ಹಾಕಿದರೆ ಕಳೆಯೂ ಗೊಣ್ಣೆಹುಳುವೂ ಹೊಲಕ್ಕೆ ಬರುತ್ತವೆ. ಹೆಚ್ಚು ಗೊಬ್ಬರ ಇರುವ ಸದಸ್ಯೆಯರೂ, ಬೇಕಾದ ಸದಸ್ಯೆಯರೂ ಸಂಘದಲ್ಲೇ ಹೆಸರು ಬರೆಸಿದರೆ ಒಣಮೇವಿಗೆ ಗೊಬ್ಬರ ಅದಲುಬದಲು ಮಾಡಿಕೊಳ್ಳಬಹುದು.

ಗೊಬ್ಬರದ ಗುಂಡಿ, ಮೇವಿನ ಮರಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ನಿಮ್ಮ ಸಂಘಕ್ಕೆ ಬರುವ ಒಕ್ಕೂಟದ ಪಶುವೈದ್ಯರನ್ನು ಕೇಳಿ. ಸಭೆಯಲ್ಲಿ ಏನು ತೀರ್ಮಾನವಾಯಿತು ಎಂದು ಪತ್ರಿಕೆಗೂ ನಾಲ್ಕು ಸಾಲು ಬರೆದು ಕಳಿಸಿ. ಪಕ್ಕದ ಊರಿನ ಸಂಘದವರು ಓದಿ ಕಲಿಯಲಿ.